ವೆಂಟಿಲೇಟರ್ ತೆಗ್ದಾಯ್ತು, ಕಾಲ್ಯಾಕೆ ನಿಲ್ತಿಲ್ಲ?

ಹಾಸನದಲ್ಲಿ ಐಸಿಯು ಫಿಸಿಯೋಥೆರಪಿ ಮಾಡ್ತಾ ಸುಮಾರು ವರ್ಷ ಆಯ್ತು, ವೆಂಟಿಲೇಟರ್ ಪೈಪ್ ತೆಗೆದ ಮಾರನೇ ದಿನ ಮನೆಯವ್ರು ಕೇಳೋ ಪ್ರಶ್ನೆ ಮಾತ್ರ ಇನ್ನೂ ಅದೇ: "ಸಾರ್, ಲಕ್ವ ಹೊಡ್ದಿದ್ಯಾ?" ಈ ಸಲ ಕೇಳಿದ್ದು ಆಲೂರು ಕಡೆಯ ಒಬ್ಬ ಹೆಂಗಸು. ಅವ್ರ ಯಜಮಾನ್ರಿಗೆ ಇಲಿ ಜ್ವರ ಬಂದು ಶ್ವಾಸಕೋಶಕ್ಕೆ ಹೊಡ್ದು 11 ದಿನ ವೆಂಟಿಲೇಟರ್ ಮೇಲಿದ್ರು, ಈಗ ಜ್ವರ ಇಲ್ಲ, ಕಿಡ್ನಿ ಸರಿ ಹೋಗಿದೆ, ಮಾತಾಡ್ತಾರೆ, ಆದ್ರೆ ನೀರಿನ ಲೋಟ ಬಾಯಿ ತನಕ ಎತ್ತಕ್ಕಾಗಲ್ಲ.

ಲಕ್ವ ಅಲ್ಲ ಅಮ್ಮ, ಐಸಿಯುನಲ್ಲಿ ಬಂದ ವೀಕ್‌ನೆಸ್ ಇದು. ಲಕ್ವ ಸಾಮಾನ್ಯವಾಗಿ ಒಂದು ಕಡೆಗೆ ಹೊಡಿಯುತ್ತೆ, ಬಾಯಿ ಸೊಟ್ಟಗಾಗುತ್ತೆ. ಇಲ್ಲಿ ಎರಡೂ ಕೈ ಎರಡೂ ಕಾಲು ಒಂದೇ ಸಮ ಸೋತಿರುತ್ತೆ, ಭುಜ ತೊಡೆ ಹತ್ರ ಜಾಸ್ತಿ, ಮುಖ ಮಾತ್ರ ಹೆಚ್ಚುಕಮ್ಮಿ ಸರಿಯಾಗೇ ಇರುತ್ತೆ. ನಾವು ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ ಅಂತ ಎರಡೂ ಕಡೆ ಸೇರಿ 12 ಜಾಗ ನೋಡಿ ಒಂದೊಂದಕ್ಕೂ 5ರ ತನಕ ಮಾರ್ಕ್ಸ್ ಕೊಡ್ತೀವಿ, ಒಟ್ಟು 60ಕ್ಕೆ. 48ಕ್ಕಿಂತ ಕಮ್ಮಿ ಬಂದ್ರೆ ಐಸಿಯುನಲ್ಲಿ ಬಂದ ವೀಕ್‌ನೆಸ್ ಅಂತ ಲೆಕ್ಕ, ಇವ್ರಿಗೆ ಬಂದಿದ್ದು 34.

ಎಲ್ಲರೂ ಬೈಯೋದು ಮೆಷಿನ್ನಿಗೆ. ಅದ್ರದ್ದೂ ಪಾಲಿದೆ, ಉಸಿರಾಟದ ಕೆಲ್ಸನೆಲ್ಲ ಮೆಷಿನ್ನೇ ಮಾಡಿದ್ರೆ ಎದೆ ಹೊಟ್ಟೆ ನಡುವಿನ ವಪೆ ಒಂದರಿಂದ ಮೂರು ದಿನದೊಳಗೇ ಸೊರಗಕ್ಕೆ ಶುರು ಮಾಡುತ್ತೆ ಅಂತ 2008ರಲ್ಲೇ ತೋರಿಸಿದ್ದಾರೆ. ಆದ್ರೆ ದೊಡ್ಡ ಕಳ್ಳ ಸೋಂಕು. ಬರ ಬಂದಾಗ ಬಿತ್ತನೆಗೆ ಇಟ್ಟಿದ್ದ ಆಲೂಗಡ್ಡೆನೂ ಬೇಯಿಸ್ಕೊಂಡು ತಿಂತೀವಲ್ಲ, ಹಂಗೆ ಮೈಯಲ್ಲಿ ಸೆಪ್ಸಿಸ್ (ಸೋಂಕಿಗೆ ದೇಹ ಅತಿಯಾಗಿ ರೇಗಿ ಅಂಗಾಂಗಕ್ಕೇ ಏಟು ಬೀಳೋದು) ಆದಾಗ ದೇಹ ತನ್ನ ಮಾಂಸಖಂಡನೇ ಕರಗಿಸಿ ಖರ್ಚು ಮಾಡುತ್ತೆ. 2013ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಐಸಿಯು ಪೇಷೆಂಟ್‌ಗಳ ತೊಡೆ ಸ್ನಾಯುನ ಸ್ಕ್ಯಾನ್ ಮಾಡಿ ಅಳೆದ್ರು, ಹತ್ತು ದಿನಕ್ಕೆ ಸರಾಸರಿ ನೂರಕ್ಕೆ 18ರಷ್ಟು ಸಣ್ಣ ಆಗಿತ್ತು. ನರಕ್ಕೂ ಏಟು ಬೀಳುತ್ತೆ, ಕೆನಡಾದ ಬೋಲ್ಟನ್ ಅನ್ನೋ ಡಾಕ್ಟ್ರು 1984ರಲ್ಲಿ ಇದನ್ನ ವಿವರವಾಗಿ ಬರೆದ್ರು. ಜೊತೆಗೆ ಏರಿದ ಶುಗರ್ರು, ಸ್ಟಿರಾಯ್ಡು, ಅಲುಗಾಡದೆ ಮಲಗಿದ್ದು. ಒಂದು ವಾರದ ಮೇಲೆ ವೆಂಟಿಲೇಟರ್‌ನಲ್ಲಿದ್ದು ಎಚ್ಚರ ಆದವ್ರಲ್ಲಿ ನಾಲ್ಕಕ್ಕೆ ಒಬ್ರಿಗೆ ಹಿಂಗಾಗಿತ್ತು ಅಂತ 2002ರ ಫ್ರೆಂಚ್ ಲೆಕ್ಕ, ಅಂದ್ರೆ ಅಪರೂಪದ್ದೇನಲ್ಲ.

ಮನೆಯವ್ರು ಮಾಡೋ ಮೊದಲ್ನೇ ತಪ್ಪು, ಪ್ರೀತಿಯಿಂದ ಮಾಡೋದು: "ಸುಸ್ತಾಗಿದ್ದಾರೆ, ಮಲಗಲಿ ಬಿಡಿ ಸಾರ್." ನಾನು ಮಂಚದ ಅಂಚಿಗೆ ಕೂರಿಸಕ್ಕೆ ಹೋದ್ರೆ ನನ್ನ ಕಟುಕನ್ನ ನೋಡ್ದಂಗೆ ನೋಡ್ತಾರೆ. ಡಾಕ್ಟ್ರು ಸೈ ಅಂದ ದಿನನೇ ಕೂರಿಸ್ಬೇಕು, ಮೊದ್ಲು ತಲೆ ಸುತ್ತುತ್ತೆ, ಬಿಪಿ ನೋಡ್ಕೊಂಡು ಎರಡು ನಿಮಿಷ, ಆಮೇಲೆ ಐದು, ಆಮೇಲೆ ನಿಲ್ಲೋದು. ಹಂಗಂತ ಜಿದ್ದಿಗೆ ಬಿದ್ದು ಜಾಸ್ತಿ ಮಾಡಿಸಿದ್ರೆ ಬೇಗ ವಾಸಿ ಆಗುತ್ತಾ ಅಂದ್ರೆ ಅದೂ ಇಲ್ಲ, 2022ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವ್ರಿಗೆ ಮಾಮೂಲಿಗಿಂತ ಹೆಚ್ಚು ಕಸರತ್ತು ಮಾಡಿಸಿದ್ರೆ ಲಾಭ ಕಾಣ್ಲಿಲ್ಲ, ತೊಂದರೆನೇ ಜಾಸ್ತಿ ಆಯ್ತು. ಹಂಗಾಗಿ ದಿನಾ ಸ್ವಲ್ಪ ಸ್ವಲ್ಪ, ಮೈ ತಡ್ಕೊಳ್ಳೋಷ್ಟೇ.

ಊಟದ ವಿಚಾರಕ್ಕೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಫ್ಲಾಸ್ಕ್ ತುಂಬ ಗಂಜಿ, ಎಳನೀರು, ಬ್ರೆಡ್ಡು. 60 ಕೆಜಿ ಮನುಷ್ಯನಿಗೆ ಈ ಟೈಮಲ್ಲಿ ದಿನಕ್ಕೆ 70-80 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಇರೋದೇ ಸುಮಾರು 6 ಗ್ರಾಂ, ಗಂಜಿಯಲ್ಲಿ ಏನಿರುತ್ತೆ ಹೇಳಿ. ಮೊಟ್ಟೆ, ಕಾಳು, ಮೊಸರು, ಕೋಳಿ, ಕಿಡ್ನಿ ತೊಂದರೆ ಇದ್ದವ್ರು ಮಾತ್ರ ಡಾಕ್ಟ್ರನ್ನ ಕೇಳಿ. ಇನ್ನೊಂದು, ಮಲಗಿಸಿ ಏನೂ ಕುಡಿಸ್ಬೇಡಿ, ಪೈಪ್ ತೆಗೆದ ಮೇಲೆ ನುಂಗೋ ಸ್ನಾಯುನೂ ಸೋತಿರಬಹುದು, ಎಳನೀರು ಕೆಮ್ಮೇ ಬರದೆ ಶ್ವಾಸಕೋಶಕ್ಕೆ ಇಳಿಯುತ್ತೆ.

ಮನೆಗೆ ಹೋದ ಮೇಲೆ ಶುರು ಆಗೋ ಕಷ್ಟ ಪುಸ್ತಕದಲ್ಲಿ ಇರಲ್ಲ. ನೆಲದ ಮೇಲೆ ಹಾಸಿಗೆ, ನೆಲದ ಮೇಲೆ ಊಟ, ಕುಕ್ಕರುಗಾಲಲ್ಲಿ ಕೂರೋ ಕಕ್ಕಸ್ಸು. ತೊಡೆ ಸೋತವ್ರು ಕೂತ್ಕೋತಾರೆ, ಏಳಕ್ಕಾಗಲ್ಲ, ಬಾಗಿಲು ಬೇರೆ ಒಳಗಿಂದ ಚಿಲಕ ಹಾಕಿರ್ತಾರೆ. ಸಕಲೇಶಪುರ ಕಡೆ ಇಳಿಜಾರಿನ ಮನೆ ಆದ್ರಂತೂ ಕೇಳ್ಲೇಬೇಡಿ. ಡಿಸ್ಚಾರ್ಜ್‌ಗೆ ಮುಂಚೆನೇ ಕಮೋಡ್ ಚೇರ್ ತಗೊಳಿ, ಮಂಚ ಹಾಕಿ, ಚಿಲಕ ಬೇಡ. ಸ್ನಾಯುದೊಂದೇ ತೊಂದರೆ ಆದ್ರೆ ವಾರಗಳು, ತಿಂಗಳುಗಳಲ್ಲಿ ಬಲ ಬರುತ್ತೆ, ನರಕ್ಕೂ ಏಟು ಬಿದ್ದಿದ್ರೆ ಇನ್ನೂ ನಿಧಾನ, ಕೆಲವ್ರಿಗೆ ಪಾದ ಜೋಲು ಬೀಳೋದು ವರ್ಷಗಟ್ಟಲೆ ಉಳಿಯುತ್ತೆ.

ಆಲೂರಿನವ್ರು ಹೋಗಿ ಏಳು ವಾರ ಆಯ್ತು. ಮೊನ್ನೆ ಆಯಮ್ಮ ಫೋನ್ ಮಾಡಿ, "ಜಗಲಿಯಿಂದ ಕೊಟ್ಟಿಗೆ ತಂಕ ನಡುದ್ರು ಸಾರ್, ವಾಪಸ್ ಬರಕ್ಕೆ ಮಾತ್ರ ಎರಡು ಸಲ ಕೂತ್ರು" ಅಂದ್ರು. ಎಲ್ಲಿ ಕೂತ್ರು ಅಂತ ಕೇಳ್ದೆ. ಕಲ್ಲಿನ ಮೇಲಂತೆ. ಕಲ್ಲು ತಗ್ಗು, ಏಳಕ್ಕೆ ಕಷ್ಟ, ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇಡಿ, ಕೈ ಇರೋದು ಅಂದೆ.