ಉದುರುಮಲ್ಲಿಗೆಯ ಪಕ್ಕದ ಸಾಲು

ಅಕ್ಟೋಬರ್ ತಿಂಗಳ ಕೊನೆ. ಪರಿಚಯದವರ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೆ. ಹಿಂದಿನ ನಾಲ್ಕೈದು ದಿನ ಸೋನೆ ಮಳೆ, ಮೋಡ ಮುಸುಕಿದ ಆಕಾಶ. ಪೈರು ಸೊಗಸಾಗಿತ್ತು. ಅಲ್ಲೊಂದು ಇಲ್ಲೊಂದು ತೆನೆ ಮಾತ್ರ ಆಗಲೇ ಒಣಗಿ ಬಣ್ಣಕ್ಕೆ ತಿರುಗಿತ್ತು. "ಕೆಲವು ಬೇಗ ಬಂದುಬಿಟ್ಟಿವೆ ಅಲ್ವಾ?" ಅಂದೆ. ಹೊಲದ ಯಜಮಾನರು ನಕ್ಕರು. "ಬಂದಿಲ್ಲ ಸ್ವಾಮಿ, ಹೋಗಿವೆ" ಎಂದು ಅಂಥದ್ದೇ ಒಂದು ತೆನೆ ಕಿತ್ತು ನನ್ನ ಕೈಗಿಟ್ಟರು.

ತೆನೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಸುಟ್ಟ ಹಾಗೆ ಕಪ್ಪಾಗಿತ್ತು. ಸ್ವಲ್ಪ ಬಗ್ಗಿಸಿದ್ದೇ ತಡ, ಅಲ್ಲಿಗೇ ಲಟಕ್ ಎಂದು ಮುರಿಯಿತು. ಅಂಗೈಯಲ್ಲಿ ಉಜ್ಜಿ ಊದಿದೆ. ಎಲ್ಲವೂ ಹಾರಿಹೋಯಿತು. ಕೈಯಲ್ಲಿ ಉಳಿದಿದ್ದು ಏಳೋ ಎಂಟೋ ಕಾಳು, ಅವೂ ಸುಕ್ಕಾದವು. ಮಿಕ್ಕಿದ್ದೆಲ್ಲ ಜೊಳ್ಳು.

ಇದು ಬೆಂಕಿ ರೋಗ. ಹೆಸರಿಟ್ಟವರಿಗೆ ಕಣ್ಣು ಚೆನ್ನಾಗಿತ್ತು. ಎಲೆಗೆ ಬಂದರೆ ಕದಿರಿನ ಆಕಾರದ ಚುಕ್ಕೆ, ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ. ತೆನೆಯ ಬೆರಳಿಗೆ ಬಂದರೆ ಆ ಬೆರಳು ಮಾತ್ರ ಹಾಳು. ಕುತ್ತಿಗೆಗೆ ಬಂದರೆ ಮುಗಿಯಿತು. ಬೇರಿನಿಂದ ನೀರು, ಎಲೆಯಿಂದ ಸಕ್ಕರೆ, ಎಲ್ಲವೂ ಅದೇ ಕಿರಿದಾದ ದಾರಿಯಲ್ಲಿ ತೆನೆಗೆ ಹೋಗಬೇಕು. ಆ ದಾರಿಯೇ ಕಟ್ಟಿದರೆ ಕಾಳು ಎಲ್ಲಿಂದ ತುಂಬೀತು? ಉತ್ತದ್ದು, ಬಿತ್ತಿದ್ದು, ಕಳೆ ತೆಗೆದದ್ದು, ಗೊಬ್ಬರ ಹಾಕಿದ್ದು ಎಲ್ಲ ಆದ ಮೇಲೆ, ಕೊನೇ ಮೂರು ವಾರದಲ್ಲಿ ಬಂದು ತಟ್ಟೆ ಎಳೆದುಕೊಳ್ಳುವ ರೋಗ ಇದು.

ಇದಕ್ಕೆ ಕಾರಣ ಒಂದು ಶಿಲೀಂಧ್ರ. ಭತ್ತಕ್ಕೆ ಬರುವ ಬೆಂಕಿ ರೋಗವೂ ಇದೇ ಜಾತಿಯದ್ದು, ಆದರೆ ಒಕ್ಕಲು ಬೇರೆ. ರಾಗಿಯನ್ನು ತಿನ್ನುವುದು ಸಾಮಾನ್ಯವಾಗಿ ಭತ್ತದ ಗೊಡವೆಗೆ ಹೋಗುವುದಿಲ್ಲ. ಇದರ ಬೀಜಕಣ ಗಾಳಿಯಲ್ಲಿ ಬಂದು ಒದ್ದೆ ಎಲೆಯ ಮೇಲೆ ಕೂರುತ್ತದೆ. ಮೊಳೆಯುತ್ತದೆ. ಮೊಳಕೆಯ ತುದಿ ಊದಿಕೊಂಡು ಒಂದು ಪುಟ್ಟ ಗುಮ್ಮಟವಾಗುತ್ತದೆ. ಅದರ ಗೋಡೆಗೆ ಒಳಗಿನಿಂದ ಮೆಲನಿನ್ ಲೇಪ. ನಮ್ಮ ಕೂದಲಿಗೆ ಕಪ್ಪು ಕೊಡುವುದೂ ಮೆಲನಿನ್ನೇ. ಆ ಲೇಪ ಇರುವುದರಿಂದ ಒಳಗೇ ತಯಾರಾದ ಗ್ಲಿಸರಾಲ್ ಹೊರಗೆ ಸೋರುವುದಿಲ್ಲ, ಅದು ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒತ್ತಡ ಏರುತ್ತಾ ಹೋಗುತ್ತದೆ. ಭತ್ತದ ಶಿಲೀಂಧ್ರದಲ್ಲಿ ಅಳೆದು ನೋಡಿದಾಗ ಅದು ಕಾರಿನ ಟೈರಿನೊಳಗಿನ ಒತ್ತಡದ 30-40 ಪಟ್ಟು ಇತ್ತು! ಕೊನೆಗೆ ಗುಮ್ಮಟದ ತಳದಿಂದ ಸೂಜಿಯಂಥ ಎಳೆಯೊಂದು ಎಲೆಯ ಸಿಪ್ಪೆಯನ್ನು ಚುಚ್ಚಿ ಒಳಗೆ ನುಗ್ಗುತ್ತದೆ. ಕಣ್ಣಿಗೆ ಕಾಣದ ಜೀವಿ, ಆದರೆ ಕೆಲಸ ಮಾತ್ರ ಹಾರೆ ಹಿಡಿದ ಕಳ್ಳನದ್ದು.

ಔಷಧಿ ಇಲ್ಲವೇ ಅಂದರೆ ಇದೆ. ಟ್ರೈಸೈಕ್ಲಜೋಲ್ ಅನ್ನುವುದು ಆ ಮೆಲನಿನ್ ಲೇಪವನ್ನೇ ತಡೆಯುತ್ತದೆ. ಲೇಪ ಇಲ್ಲದಿದ್ದರೆ ಒತ್ತಡವೂ ಇಲ್ಲ. ಜಾಣತನದ ಔಷಧಿ, ಒಪ್ಪೋಣ. ಆದರೆ ಮಳೆ ನಂಬಿ ಎರಡೆಕರೆ ರಾಗಿ ಹಾಕಿದವರು ತೆನೆ ಒಡೆಯುವ ಸರಿಯಾದ ವಾರ ನೋಡಿ, ಕೂಲಿ ಹುಡುಕಿ, ಸೋನೆ ಮಳೆಯ ನಡುವೆ ಸಿಂಪಡಿಸಬೇಕು. ರಾಗಿಗೆ ಅಷ್ಟು ದುಡ್ಡು ಸುರಿಯುವವರು ಎಷ್ಟು ಜನ? ರೋಗ ತಡೆಯುವ ಶಕ್ತಿ ಬೀಜದಲ್ಲೇ ಬಂದರೆ ಈ ತಾಪತ್ರಯವೇ ಇರುವುದಿಲ್ಲ. ಅದೂ ರಾಗಿ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಬೆಳೆ. ಒಮ್ಮೆ ಒಳ್ಳೆಯ ಬೀಜ ಸಿಕ್ಕರೆ, ಬೆರಕೆ ಆಗದ ಹಾಗೆ ನೋಡಿಕೊಂಡು ನಾಲ್ಕಾರು ವರ್ಷ ಮನೆಯ ಬೀಜವನ್ನೇ ಬಿತ್ತಬಹುದು. ಹೈಬ್ರಿಡ್ ಜೋಳದ ಹಾಗೆ ಪ್ರತಿ ವರ್ಷ ಪ್ಯಾಕೆಟ್ ತರಬೇಕಿಲ್ಲ.

ಹೊಸ ತಳಿ ಅಂದರೆ ಎರಡು ಒಳ್ಳೆಯ ಗಿಡ ಬೆರೆಸಿದರೆ ಆಯಿತು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಬೆರೆಸುವುದು ಇರಲಿ, ರಾಗಿಯಲ್ಲಿ ಹೂವನ್ನು ಹುಡುಕುವುದೇ ಒಂದು ಕಷ್ಟ. ಸಾವಿರ ಕಾಳು ಸೇರಿದರೆ ಮೂರು ಗ್ರಾಂ ತೂಗುವುದೂ ಕಷ್ಟ, ಇನ್ನು ಹೂವು ಎಷ್ಟಿದ್ದೀತು? ಅದು ಅರಳುವುದೂ ನಡುರಾತ್ರಿ ಕಳೆದ ಮೇಲೆ. ಬೆಳಗಾಗುವುದರೊಳಗೆ ತನ್ನ ಪರಾಗ ತನಗೇ ಬಿದ್ದಿರುತ್ತದೆ. ಇದಕ್ಕೆ ತಳಿ ತಜ್ಞರು ಎರಡು ಉಪಾಯ ಕಂಡುಕೊಂಡರು. ಒಂದು, ತಾಯಿ ಗಿಡದ ತೆನೆಯನ್ನು 50 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದುವುದು. ಪರಾಗ ಸಾಯುತ್ತದೆ, ಹೆಣ್ಣು ಭಾಗ ಬದುಕುತ್ತದೆ. ಸ್ವಲ್ಪ ಜಾಸ್ತಿ ಹೊತ್ತಾದರೆ ತೆನೆಯೇ ಬೆಂದುಹೋಗುತ್ತದೆ. ಇನ್ನೊಂದು ಉಪಾಯ ಇನ್ನೂ ಸರಳ. ಹೂವಾಗುವ ಹೊತ್ತಿಗೆ ಎರಡು ಗಿಡದ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುವುದು. ನೂರಾರು ಕಾಳಿನಲ್ಲಿ ಎಲ್ಲೋ ಕೆಲವು ಬೆರೆತಿರುತ್ತವೆ.

ಬೆರೆತದ್ದು ಯಾವುದು ಅಂತ ತಿಳಿಯುವುದು ಹೇಗೆ? ಅದಕ್ಕೆ ಬಣ್ಣದ ಸಹಾಯ. ಕೆಲವು ರಾಗಿಯ ಗಿಣ್ಣು ನೇರಳೆ, ಕೆಲವದ್ದು ಪೂರ್ತಿ ಹಸಿರು. ನೇರಳೆಯ ಜೀನ್ ಬಲವಾದದ್ದು. ಹಸಿರನ್ನು ತಾಯಿ ಮಾಡಿ, ನೇರಳೆಯನ್ನು ತಂದೆ ಮಾಡಿದರೆ ಆಯಿತು. ತಾಯಿಯ ಬೀಜ ಬಿತ್ತಿದಾಗ ನೇರಳೆ ಕಂಡ ಸಸಿಯೇ ಬೆರಕೆಯದ್ದು. ಹಸಿರಾಗಿ ಉಳಿದವೆಲ್ಲ ತಾಯಿಯ ಸ್ವಂತ ಮಕ್ಕಳು, ಕಿತ್ತೆಸೆಯಿರಿ. ನಮ್ಮ ಹಳೆಯ ನಾಟಿ ತಳಿಯೊಂದರ ಹೆಸರು ಹಸರುಕಂಬಿ. ವಿಜ್ಞಾನಿಗಳು ಗುರುತಿಗೆ ಹಿಡಿದ ಬಣ್ಣವನ್ನು ರೈತರು ಹೆಸರಿನಲ್ಲೇ ಬರೆದಿಟ್ಟಿದ್ದರು.

ನಿಜವಾದ ಕೆಲಸ ಶುರುವಾಗುವುದು ಮುಂದಿನ ತಲೆಮಾರಿನಿಂದ. ಎರಡು ಗಿಡಗಳ ನಡುವೆ ಹತ್ತೇ ಹತ್ತು ಜೀನ್ ಬೇರೆ ಬೇರೆ ಇವೆ ಅಂದುಕೊಳ್ಳಿ. ಮೊಮ್ಮಕ್ಕಳಲ್ಲಿ 59,049 ಬಗೆಯ ಜೋಡಣೆ ಸಾಧ್ಯ. ಒಂದಕ್ಕೆ ಎತ್ತರ, ಒಂದಕ್ಕೆ ಗಿಡ್ಡ ತೆನೆ, ಒಂದಕ್ಕೆ ಕಾಳು ಉದುರುವ ಚಟ, ಒಂದು ಹೂ ಬಿಡುವುದೇ ತಡ. ಈ ಜಾತ್ರೆಯೊಳಗೆ ನಡೆದು ಬೇಕಾದವನ್ನು ಗುರುತು ಮಾಡಿ, ಬೇಡವಾದ ಸಾವಿರಾರು ಗಿಡ ಬಿಡಬೇಕು. ಆರಿಸಿದ್ದನ್ನು ಮತ್ತೆ ಬಿತ್ತಬೇಕು. ಒಂದೊಂದು ತಲೆಮಾರಿಗೆ ಅದರ ಚಂಚಲತೆ ಅರ್ಧರ್ಧ ಇಳಿಯುತ್ತದೆ. ಆರೇಳು ತಲೆಮಾರು ಕಳೆದ ಮೇಲೆ ಸಾಲಿನ ಗಿಡಗಳೆಲ್ಲ ಒಂದೇ ಹಾಗೆ ನಿಲ್ಲುತ್ತವೆ. ನನ್ನ ಕೇಳಿದರೆ ತಳಿ ಅಭಿವೃದ್ಧಿ ಅನ್ನುವುದು ಬೆರೆಸುವ ವಿದ್ಯೆಗಿಂತ ಬಿಸಾಡುವ ವಿದ್ಯೆ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ನೂರು ವರ್ಷದ ಮೇಲಿನ ಚರಿತ್ರೆ ಇದೆ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗಲೇ ಹೆಬ್ಬಾಳದಲ್ಲಿ ರಾಗಿ ಆಯ್ಕೆ ಶುರುವಾಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹಿಡಿಸಿದವರೂ ಇವರೇ. ಆಗಿನ ಆಯ್ಕೆ ಅಂದರೆ ನಾಟಿ ತಳಿಗಳೊಳಗೇ ಒಳ್ಳೆಯ ಗಿಡ ಹುಡುಕುವುದು. ಅದಕ್ಕೊಂದು ಮಿತಿ ಇತ್ತು. ಇದ್ದದ್ದರಲ್ಲಿ ಒಳ್ಳೆಯದು ಸಿಗುತ್ತದೆಯೇ ಹೊರತು ಇಲ್ಲದ್ದು ಬರುವುದಿಲ್ಲ.

ಆ ಮಿತಿ ದಾಟಿಸಿದವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ, ರಾಗಿ ಬ್ರಹ್ಮ ಅಂತಲೇ ಕರೆದರು. ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ, ಹೀಗೆ ಮನೆ ಮಕ್ಕಳಿಗೆ ಹೆಸರಿಟ್ಟ ಹಾಗೆ ಒಂದರ ಹಿಂದೆ ಒಂದು ತಳಿ ಕೊಟ್ಟರು. 1960ರ ದಶಕದಲ್ಲಿ ಅವರ ಕಣ್ಣು ರಾಗಿಯ ತವರಿನ ಕಡೆ ಹೋಯಿತು. ರಾಗಿ ನಮ್ಮದೇ ಅಂತ ನಾವು ಎಷ್ಟೇ ಹೇಳಿಕೊಂಡರೂ ಅದು ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು, ಇಲ್ಲಿನ ಮಳೆಗೆ ಒಗ್ಗಿ, ಬೇರೆಯೇ ಸ್ವಭಾವ ಬೆಳೆಸಿಕೊಂಡಿತು. ತವರಿನ ರಾಗಿ ದಪ್ಪ ಕಾಂಡದ್ದು, ಅಗಲ ಎಲೆ, ದೊಡ್ಡ ತೆನೆ, ರೋಗಕ್ಕೂ ಗಟ್ಟಿ. ಆದರೆ ತೆಂಡೆ, ಅಂದರೆ ಬುಡದಿಂದ ಒಡೆಯುವ ಮರಿ ಕವಲು ಕಮ್ಮಿ, ಕಟಾವಿಗೆ ಬರುವುದೂ ತಡ. ನಮ್ಮದು ಬೇಗ ಬರುತ್ತದೆ, ಚೆನ್ನಾಗಿ ತೆಂಡೆ ಒಡೆಯುತ್ತದೆ, ಆದರೆ ತೆನೆ ಚಿಕ್ಕದು. ಲಕ್ಷ್ಮಣಯ್ಯ ಇವೆರಡನ್ನೂ ಬೆರೆಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಇಂಡಾಫ್. ಇಂಡಾಫ್-5, ಇಂಡಾಫ್-9 ಹೀಗೆ ನಂಬರಿನ ಮೇಲೆ ಹಳ್ಳಿ ಹಳ್ಳಿ ಸೇರಿದವು. ಸಾವಿರಾರು ವರ್ಷ ದೂರವಾಗಿದ್ದ ನೆಂಟರನ್ನು ಕೂಡಿಸಿದ ಹಾಗಾಯಿತು. ಹಳೇ ಮೈಸೂರಿನ ಕಣಗಳಲ್ಲಿ ರಾಗಿಯ ಗುಡ್ಡೆ ದೊಡ್ಡದಾಯಿತು.

ಇಲ್ಲೊಂದು ಮಾತು ಸೇರಿಸಬೇಕು. ಗೋಧಿ, ಭತ್ತಗಳಲ್ಲಿ ಇಳುವರಿ ಜಾಸ್ತಿಯಾಗಿದ್ದು ಮುಖ್ಯವಾಗಿ ಗಿಡವನ್ನು ಗಿಡ್ಡ ಮಾಡಿದ್ದರಿಂದ. ಹುಲ್ಲಿಗೆ ಹೋಗುತ್ತಿದ್ದ ಪಾಲು ಕಾಳಿಗೆ ಹೋಯಿತು. ರಾಗಿಯಲ್ಲಿ ಆ ಆಟ ಅಷ್ಟಾಗಿ ನಡೆಯುವುದಿಲ್ಲ. ರಾಗಿ ಹುಲ್ಲಿನ ಮೆದೆ ಇಲ್ಲದ ಮನೆಯಲ್ಲಿ ಬೇಸಿಗೆಗೆ ದನ ಏನು ತಿನ್ನಬೇಕು? ಕಾಳು ಚೆನ್ನಾಗಿ ಕೊಟ್ಟು ಹುಲ್ಲು ಕಡಿಮೆ ಕೊಡುವ ತಳಿಯನ್ನು ರೈತರು ಒಂದೇ ವರ್ಷಕ್ಕೆ ಕೈಬಿಡುತ್ತಾರೆ. ಪ್ರಯೋಗದ ವರದಿಯಲ್ಲಿ ಕ್ವಿಂಟಲ್ ಲೆಕ್ಕ ಮೇಲಿರುತ್ತದೆ, ಕೊಟ್ಟಿಗೆಯ ಲೆಕ್ಕ ಕೆಳಗೆಲ್ಲೋ ಇರುತ್ತದೆ. ಹಾಲು ಕರೆಯುವವರು ಅದನ್ನು ಓದುವುದು ತಲೆಕೆಳಗಾಗಿ.

ಇಳುವರಿ ಏರಿತು, ಸರಿ. ಬೆಂಕಿ ರೋಗದ ಕಾಟ ಮಾತ್ರ ಮುಗಿಯಲಿಲ್ಲ. ಒತ್ತಾಗಿ ಬೆಳೆದ, ಗೊಬ್ಬರ ಉಂಡು ಮೃದುವಾದ ಪೈರು ಶಿಲೀಂಧ್ರಕ್ಕೆ ಹಬ್ಬದೂಟ. ಹಾಗಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಇಂಡಾಫ್‌ಗಳನ್ನೇ ಮತ್ತೆ ಬೆರೆಸಲು ಕೂತರು. ಇಂಡಾಫ್-9ನ್ನು ಐಇ 1012 ಎಂಬ ಸಂಗ್ರಹದ ರಾಗಿಯ ಜೊತೆ ಸೇರಿಸಿ, ಬಂದದ್ದನ್ನು ಇಂಡಾಫ್-5ರ ಜೊತೆ ಬೆರೆಸಿದರು. ಆ ವಂಶದಲ್ಲಿ ಆರಿಸಿ ಉಳಿಸಿದ್ದೇ ಜಿಪಿಯು-28. 1990ರ ದಶಕದ ಎರಡನೇ ಅರ್ಧದಲ್ಲಿ ರೈತರ ಕೈಗೆ ಬಂತು. ಕುತ್ತಿಗೆ ಬೆಂಕಿಯನ್ನು ಚೆನ್ನಾಗಿ ತಡೆಯಿತು, ಇಳುವರಿಯೂ ಬಿಟ್ಟುಕೊಡಲಿಲ್ಲ. ಇವತ್ತಿಗೂ ಬೀಜದಂಗಡಿಯಲ್ಲಿ "ರಾಗಿ ಬೀಜ ಕೊಡಿ" ಅಂದರೆ ಅನೇಕ ಕಡೆ ಕೈಗೆ ಬರುವುದು ಇದೇ.

ತಡೆಯುತ್ತದೆ ಅಂದರೆ ಗಿಡ ಏನು ಮಾಡುತ್ತದೆ? ಬಂಡೀಪುರದ ಕಡೆ ಬೇಸಿಗೆಗೆ ಮುಂಚೆ ಅರಣ್ಯದವರು ಬೆಂಕಿ ರೇಖೆ ಮಾಡುವುದನ್ನು ನೋಡಿರಬಹುದು. ಕಾಡಿನ ಅಂಚಿನ ಹುಲ್ಲನ್ನು ಮೊದಲೇ ಸುಟ್ಟುಬಿಡುತ್ತಾರೆ. ಕಿಚ್ಚು ಅಲ್ಲಿವರೆಗೆ ಬಂದರೂ ಮುಂದೆ ಹೋಗಲು ಮೇವಿಲ್ಲದೆ ಆರುತ್ತದೆ. ನಿರೋಧಕ ಗಿಡ ಮಾಡುವುದೂ ಹೀಗೇ. ಶಿಲೀಂಧ್ರ ಒಳನುಗ್ಗಿದ್ದನ್ನು ಗುರುತು ಹಿಡಿದ ಕೂಡಲೇ ಆ ಜಾಗದ ತನ್ನದೇ ಜೀವಕೋಶಗಳನ್ನು ಸಾಯಿಸಿಬಿಡುತ್ತದೆ. ಬದುಕಿರುವ ಕೋಶ ಬೇಕಿದ್ದ ಶಿಲೀಂಧ್ರ ಅಲ್ಲೇ ಉಪವಾಸ ಬೀಳುತ್ತದೆ. ಎಲೆಯ ಮೇಲೆ ಉಳಿಯುವುದು ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆ.

ಎಲ್ಲ ನಿಂತಿರುವುದು ಆ ಗುರುತು ಹಿಡಿಯುವುದರ ಮೇಲೆ. ಅಮೆರಿಕದ ಸಸ್ಯರೋಗ ತಜ್ಞ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಅಗಸೆಯ ತುಕ್ಕು ರೋಗದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಗಿಡದ ಒಂದೊಂದು ನಿರೋಧಕ ಜೀನ್‌ಗೂ ರೋಗಾಣುವಿನಲ್ಲಿ ಜೋಡಿಯಾದ ಒಂದು ಜೀನ್ ಇರುತ್ತದೆ. ಗಿಡ ಹಿಡಿಯುವುದು ಅದರ ಗುರುತನ್ನೇ. ರೋಗಾಣು ವೇಷ ಬದಲಿಸಿಕೊಂಡರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ಶಿಲೀಂಧ್ರ ಒಂದೇ ಹೊಲದಲ್ಲಿ ಲೆಕ್ಕವಿಲ್ಲದಷ್ಟು ಬೀಜಕಣ ಉದುರಿಸುತ್ತದೆ. ಅದರಲ್ಲಿ ಒಂದಕ್ಕೆ ವೇಷ ಸರಿಹೊಂದಿದರೂ ಸಾಕು. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಒಂದೇ ತಳಿ ಇದ್ದರಂತೂ ಒಂದು ಬೀಗ ಒಡೆದವನಿಗೆ ಊರೆಲ್ಲ ತೆರೆದ ಹಾಗೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಆಗಿದ್ದು ಅದೇ. ಬಹುಪಾಲು ಹೈಬ್ರಿಡ್‌ಗಳಿಗೆ ತಾಯಿಯ ಕಡೆಯಿಂದ ಬಂದ ಒಂದೇ ದೌರ್ಬಲ್ಯ ಇತ್ತು. ಎಲೆ ಅಂಗಮಾರಿ ಬಂದು ಆ ವರ್ಷ ದೇಶದ ಬೆಳೆಯಲ್ಲಿ ಸುಮಾರು 15% ನುಂಗಿತು. ಒಳ್ಳೆಯ ತಳಿ ಸಿಕ್ಕಿತು ಅಂತ ಎಲ್ಲರೂ ಅದನ್ನೇ ಬಿತ್ತುವುದು ನನಗೆ ಅದಕ್ಕೇ ಸ್ವಲ್ಪ ಭಯ. ಜಿಪಿಯು-28ಕ್ಕೂ ಈ ಮಾತು ಸಲ್ಲುತ್ತದೆ.

ಇತ್ತೀಚೆಗೆ ಕೆಲಸ ಚುರುಕಾಗಿದೆ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವೇ ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿ ಪ್ರಕಟಿಸಿತು. ಸಸಿಯ ಎಲೆಯ ಚೂರಿನಿಂದಲೇ ಬೇಕಾದ ಡಿಎನ್‌ಎ ಗುರುತು ಇದೆಯೋ ಇಲ್ಲವೋ ನೋಡಿ ಆರಿಸುವ ದಾರಿ ಇದರಿಂದ ಅಗಲವಾಗುತ್ತದೆ. ಆದರೂ ಕೊನೆಯ ಪರೀಕ್ಷೆ ಹೊಲದಲ್ಲೇ, ಮೋಡದ ಕೆಳಗೇ.

ಆ ಪರೀಕ್ಷೆಗೆ ಒಬ್ಬ ವಿಶೇಷ ಅತಿಥಿ ಬೇಕು. ರೋಗವೇ ಬರದ ವರ್ಷ ಎಲ್ಲ ತಳಿಯೂ ಗಟ್ಟಿಯಾಗಿಯೇ ಕಾಣುತ್ತದೆ. ಹಾಗಾಗಿ ಪರೀಕ್ಷೆಯ ಸಾಲುಗಳ ನಡುವೆ, ಸುತ್ತ, ರೋಗಕ್ಕೆ ಸುಲಭವಾಗಿ ಬೀಳುವ ರಾಗಿಯನ್ನು ಬೇಕಂತಲೇ ಬಿತ್ತುತ್ತಾರೆ. ಈ ಪಾತ್ರಕ್ಕೆ ಆರಿಸುವ ತಳಿಗಳಲ್ಲಿ ಒಂದು ನಮ್ಮ ಹಳೆಯ ಉದುರುಮಲ್ಲಿಗೆ. ಎಷ್ಟು ಚೆಂದದ ಹೆಸರು! ಅದಕ್ಕೆ ಬೆಂಕಿ ಹತ್ತಿತು ಅಂದರೆ ಗಾಳಿಯಲ್ಲಿ ಬೀಜಕಣ ಧಾರಾಳವಾಗಿದೆ ಅಂತ ಅರ್ಥ. ಅದರ ಪಕ್ಕದ ಸಾಲು ಹಸಿರಾಗಿ ನಿಂತಿದ್ದರೆ ಮಾತ್ರ ಪುಸ್ತಕದಲ್ಲಿ ಒಳ್ಳೆಯ ಅಂಕ. ಉದುರುಮಲ್ಲಿಗೆ ಆರೋಗ್ಯವಾಗಿಯೇ ಉಳಿದುಬಿಟ್ಟರೆ? ಆ ವರ್ಷದ ಅಂಕಗಳಿಗೆ ಬೆಲೆಯಿಲ್ಲ, ಮುಂದಿನ ಮಳೆಗಾಲಕ್ಕೆ ಕಾಯಬೇಕು.

ಅದಕ್ಕಾಗಿ ಬೀಜ ಕೊಠಡಿಯ ಕಪಾಟಿನಲ್ಲಿ ಗೆದ್ದ ತಳಿಗಳ ಜೊತೆ ಉದುರುಮಲ್ಲಿಗೆಗೂ ಒಂದು ಜಾಗ. ಅದರ ಬೀಜವನ್ನು ಬೇರೆ ತಾಕಿನಲ್ಲಿ, ರೋಗ ತಗುಲದ ಹಾಗೆ ಜೋಪಾನ ಮಾಡಿ ಬೆಳೆಸಿ, ಬೆರಕೆಯಾಗದಂತೆ ಕಟ್ಟಿ, ಚೀಟಿ ಅಂಟಿಸಿ ಇಡಬೇಕು. ಮುಂದಿನ ಮುಂಗಾರಿಗೆ ಮತ್ತೆ ರೋಗದ ಬಾಯಿಗೆ ಕೊಡಲು.