ರೇನ್ ಚೆಕ್ ಅಂದರೆ ಮಳೆ ನೋಡುವುದಲ್ಲ

‘ಶನಿವಾರ ಊಟಕ್ಕೆ ಬರ್ತೀಯಾ?’ ಎಂದು ಕೇಳಿದೆ. ‘ರೇನ್ ಚೆಕ್ ಮಾಡಿ ಹೇಳ್ತೀನಿ’ ಎಂದು ಉತ್ತರ ಬಂತು. ಈ ತಿಂಗಳಲ್ಲಿ ಇದು ಮೂರನೇ ಸಲ. ಆಕಾಶ ನೋಡಿ ಹೇಳ್ತಾರೋ, ಕ್ಯಾಲೆಂಡರ್ ನೋಡಿ ಹೇಳ್ತಾರೋ? ಎರಡೂ ಅಲ್ಲ ಸ್ವಾಮಿ.

ಎಡವಟ್ಟು ಇರುವುದು ‘ಚೆಕ್’ನಲ್ಲಿ. ಇದು ಪರೀಕ್ಷೆ ಮಾಡುವ ಚೆಕ್ ಅಲ್ಲ, ಚೀಟಿ. ಅಮೆರಿಕದಲ್ಲಿ ಕೋಟು, ಸಾಮಾನು ಒಪ್ಪಿಸಿದಾಗ ಕೈಗೆ ಕೊಡುವ ಗುರುತಿನ ಚೀಟಿಯೂ ಚೆಕ್ಕೇ. ಬ್ಯಾಂಕಿನ ಚೆಕ್ ಕೂಡ ಇದೇ ಪದ. ಬ್ರಿಟಿಷರು ಸ್ಪೆಲಿಂಗ್ ಬೇರೆ ಮಾಡಿಕೊಂಡರು ಅಷ್ಟೆ. ಇನ್ನೂ ಹಿಂದೆ ಹೋದರೆ ಚದುರಂಗದ ಮಣೆ ಸಿಗುತ್ತದೆ. ಪಾರಸಿಯ ‘ಶಾಹ್’, ಅಂದರೆ ರಾಜ, ಹಳೆಯ ಫ್ರೆಂಚ್ ದಾಟಿ ಬಂದು ಇಂಗ್ಲಿಷಿನಲ್ಲಿ ಚೆಕ್ ಆಯಿತು. ಮೊದಲು ರಾಜನಿಗೆ ತಡೆ, ಆಮೇಲೆ ಯಾವುದಕ್ಕೂ ತಡೆ, ಹಿಡಿತ, ತಪಾಸಣೆ. ಕೊನೆಗೆ ತಪಾಸಣೆಗೆಂದು ಇಟ್ಟುಕೊಳ್ಳುವ ಚೀಟಿ. ರಾಜ ಸವೆದು ಸವೆದು ಕಾಗದದ ಚೂರಾದ!

ಬೇಸ್‌ಬಾಲಿಗೆ ಇದು ಬಂದದ್ದು 1880ರ ದಶಕದಲ್ಲಿ. ಮಳೆಯಿಂದ ಆಟ ನಿಂತರೆ ಟಿಕೆಟ್ ಕೊಂಡವರಿಗೆ ದುಡ್ಡಿನ ಬದಲು ಇನ್ನೊಂದು ದಿನದ ಆಟ ನೋಡಲು ಚೀಟಿ. ಅದೇ ರೇನ್ ಚೆಕ್. ನಮ್ಮ ಕ್ರಿಕೆಟ್‌ನಲ್ಲಿ ಈ ಪದ್ಧತಿ ಬೆಳೆಯಲಿಲ್ಲ. 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಕೆಕೆಆರ್ ಪಂದ್ಯ ಮಳೆಗೆ ಕೊಚ್ಚಿಹೋದಾಗ ಟಿಕೆಟ್ ದುಡ್ಡನ್ನೇ ವಾಪಸ್ ಕೊಟ್ಟರು. ಪದ ನಮಗೆ ಅರ್ಥವಾಗದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅಮೆರಿಕದ ಅಂಗಡಿಗಳಲ್ಲೂ ಇದುಂಟು: ರಿಯಾಯಿತಿಯ ಮಾಲು ಮುಗಿದಿದ್ದರೆ, ಮುಂದೆ ಅದೇ ಬೆಲೆಗೆ ಕೊಡುತ್ತೇವೆ ಎಂಬ ಚೀಟಿ.

ಹಾಗಾಗಿ ಊಟಕ್ಕೆ ಕರೆದಾಗ ‘ರೇನ್ ಚೆಕ್ ತಗೋತೀನಿ’ ಅಂದರೆ, ‘ಈ ಸಲ ಆಗಲ್ಲ, ಆದರೆ ನಿಮ್ಮ ಮನೆ ಊಟ ಬಾಕಿ ಇದೆ’ ಎಂದರ್ಥ. ನೋಡಿ ಹೇಳ್ತೀನಿ ಅಂತಲ್ಲ. ಸುಮ್ನೆ ಬೇಡ ಅನ್ನುವುದೂ ಅಲ್ಲ. ಚೀಟಿ ತಗೊಳ್ಳುವವರು ಕರೆಸಿಕೊಂಡವರು, ಕೊಡುವವರು ಕರೆದವರು. ನನ್ನಿಂದ ಐದು ಸಾವಿರ ಸಾಲ ಪಡೆದ ಗೆಳೆಯನೊಬ್ಬ ‘ಈ ತಿಂಗಳು ರೇನ್ ಚೆಕ್ ತಗೋತೀನಿ ಮಗಾ’ ಅಂದ. ಲೋ, ಚೀಟಿ ನನ್ನ ಕೈಲಿರಬೇಕಾದದ್ದು ಕಣೋ!

ನಮ್ಮಲ್ಲಿ ಇದನ್ನು ಸರಿಯಾಗಿ ಬಳಸಿದ್ದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು. ಚೀಟಿ ಹಿಡಿದ ದೆವ್ವ ದಿನಾ ಬಂದು, ಓದಿ, ವಾಪಸ್ ಹೋಗುತ್ತಿತ್ತು.