ಸಬ್‌ಟೈಟಲ್ ಓದುವುದು ಕೇಳಿದ ಹಾಗಲ್ಲ

ಕಾರವಾರದಲ್ಲಿ ಇಂಗ್ಲಿಷ್ ಕಲಿಯಲು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದವರು, ಇಲ್ಲವೇ ಹಡಗಿನ ಕೆಲಸಕ್ಕೆ ಹೊರಟವರು. ಬಂದವರು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ: ‘ಮೇಡಂ, ದಿನವೂ ರಾತ್ರಿ ಇಂಗ್ಲಿಷ್ ಸೀರಿಯಲ್ ನೋಡುತ್ತೇನೆ. ಎಲ್ಲ ಅರ್ಥವಾಗುತ್ತದೆ. ಪರೀಕ್ಷೆಯ ಆಡಿಯೊ ಹಾಕಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ.’ ಸಬ್‌ಟೈಟಲ್ ಇಟ್ಟುಕೊಂಡು ನೋಡುತ್ತೀರಾ ಎಂದು ಕೇಳುತ್ತೇನೆ. ಹೌದು ಎನ್ನುತ್ತಾರೆ. ಈ ಉತ್ತರ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿದ್ದೆಗೆಟ್ಟು ಕಳೆದ ಅಷ್ಟೂ ರಾತ್ರಿ ಅವರು ಮಾಡಿದ್ದು ಓದುವ ಅಭ್ಯಾಸ. ಓದು ಅವರಿಗೆ ಮೊದಲೇ ಚೆನ್ನಾಗಿ ಬರುತ್ತಿತ್ತು.

ಇದನ್ನು ಒಂದು ಸಲ ಹೇಳಿದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ಪರದೆಯ ಕೆಳಗೆ ಅಕ್ಷರ ಮೂಡಿದರೆ, ಓದು ಬಲ್ಲವನ ಕಣ್ಣು ಅದನ್ನು ಓದದೆ ಬಿಡುವುದಿಲ್ಲ. ಬೇಡವೆಂದುಕೊಂಡರೂ ಓದುತ್ತದೆ. ಪಾತ್ರಧಾರಿ ವಾಕ್ಯ ಮುಗಿಸುವ ಮೊದಲೇ ನಿಮಗೆ ಅರ್ಥ ಸಿಕ್ಕಿರುತ್ತದೆ. ಅರ್ಥ ಸಿಕ್ಕ ಮೇಲೆ ಧ್ವನಿಯನ್ನು ಬಿಡಿಸಿ ನೋಡುವ ಅಗತ್ಯ ಮನಸ್ಸಿಗೆ ಉಳಿಯುವುದಿಲ್ಲ. ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ, ಆದರೆ ಅದರಿಂದ ಪದಗಳನ್ನು ಬೇರ್ಪಡಿಸುವ ಕೆಲಸ ನಡೆಯುವುದೇ ಇಲ್ಲ. ‘ಇಲ್ಲ ಮೇಡಂ, ನಾನು ಕೇಳುತ್ತಲೇ ಓದುತ್ತೇನೆ’ ಎಂದು ವಾದಿಸುವವರಿಗೆ ನಾನು ಕೊಡುವ ಪರೀಕ್ಷೆ ಸರಳವಾದದ್ದು. ನಿನ್ನೆ ನೋಡಿದ ಅದೇ ಕಂತಿನ ಎರಡು ನಿಮಿಷವನ್ನು ಪರದೆ ಮುಚ್ಚಿಟ್ಟು ಕೇಳಿ, ಕೇಳಿಸಿದ್ದನ್ನು ಬರೆಯಿರಿ. ಎಲ್ಲ ಅರ್ಥವಾಗಿತ್ತು ಎಂದವರ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಪದವಿರುತ್ತದೆ. ಮತ್ತೆ ಅದೇ ಮಾತುಗಳ ಲಿಖಿತ ಪಾಠ ಕೊಟ್ಟರೆ ಪ್ರತಿಯೊಂದು ಪದವೂ ಗೊತ್ತಿರುವುದೇ ಆಗಿರುತ್ತದೆ. ಕೊರತೆ ಶಬ್ದಭಂಡಾರದ್ದಲ್ಲ. ಹೀಗಿದ್ದೂ ಮಾರನೆಯ ದಿನ ಪದಪಟ್ಟಿಯ ಪುಸ್ತಕ ಕೊಂಡು ತರುವವರಿದ್ದಾರೆ.

ಗೊತ್ತಿರುವ ಪದ ಕಿವಿಗೆ ಏಕೆ ಸಿಗುವುದಿಲ್ಲ? ನಾವು ಇಂಗ್ಲಿಷ್ ಕಲಿತದ್ದು ಕಾಗದದಿಂದ. ಕಾಗದದಲ್ಲಿ ಪದಗಳ ನಡುವೆ ಜಾಗವಿರುತ್ತದೆ, ಮಾತಿನಲ್ಲಿ ಇರುವುದಿಲ್ಲ. ‘ವಾಟ್ ಡಿಡ್ ಯು ಟೆಲ್ ಹಿಮ್’ ಎಂದು ನಾವು ಓದಿದ್ದು ಇಂಗ್ಲಿಷ್ ಮನೆಮಾತಾದವರ ಬಾಯಲ್ಲಿ ‘ವಾಡಿಜುಟೆಲಿಮ್’ ಆಗಿ ಬರುತ್ತದೆ. ಕನ್ನಡದವರಾದ ನಾವು ಇಂಗ್ಲಿಷನ್ನು ಓದುವಾಗ ಪ್ರತಿಯೊಂದು ಅಕ್ಷರಕ್ಕೂ ಅದರ ಪೂರ್ಣ ಸ್ವರ ಕೊಡುತ್ತೇವೆ. ಇಂಗ್ಲಿಷಿನಲ್ಲಾದರೆ ಒತ್ತು ಬಿದ್ದ ಕಡೆ ಮಾತ್ರ ಸ್ವರ ಸ್ಪಷ್ಟ. ಉಳಿದೆಡೆ ಅದು ಸೊರಗಿ ‘ಅ’ಕ್ಕೆ ಹತ್ತಿರದ ಒಂದು ಸಣ್ಣ ಸದ್ದಾಗುತ್ತದೆ. ಆ ಭಾಷೆಯಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸ್ವರ ಅದೇ, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ.

ಇದು ಉಚ್ಚಾರಣೆಯ ನಾಜೂಕಿನ ಪ್ರಶ್ನೆ ಮಾತ್ರವಲ್ಲ. ಮೊಣಕೈ ನೋವಿನ ರೋಗಿ ‘ಎತ್ತಬಲ್ಲೆ’ ಎಂದನೇ, ‘ಎತ್ತಲಾರೆ’ ಎಂದನೇ? ‘ಕ್ಯಾನ್’ ವಾಕ್ಯದ ನಡುವೆ ಬಂದಾಗ ಸಾಮಾನ್ಯವಾಗಿ ‘ಕನ್’ ಎಂದು ಕುಗ್ಗುತ್ತದೆ. ನಿಷೇಧ ರೂಪವಾದ ‘ಕ್ಯಾಂಟ್’ನಲ್ಲಿ ಸ್ವರ ತುಂಬಿಕೊಂಡು ಬರುತ್ತದೆ, ಕೊನೆಯ ‘ಟ್’ ಮಾತ್ರ ಎಷ್ಟೋ ಸಲ ಕೇಳಿಸುವುದೇ ಇಲ್ಲ. ನಮ್ಮ ಹುಡುಗಿಯರು ಆ ‘ಟ್’ಗಾಗಿ ಕಾಯುತ್ತಾರೆ. ಅದು ಬಾರದಿದ್ದರೆ ‘ಎತ್ತಬಲ್ಲೆ’ ಎಂದು ಬರೆದುಕೊಳ್ಳುತ್ತಾರೆ. ಅರ್ಥ ತಲೆಕೆಳಗಾಯಿತು. ಸಬ್‌ಟೈಟಲಿನಲ್ಲಿ ಈ ತಪ್ಪು ಎಂದೂ ಆಗುವುದಿಲ್ಲ, ಆದ್ದರಿಂದಲೇ ತಿದ್ದಿಕೊಳ್ಳುವ ಅವಕಾಶವೂ ಸಿಗುವುದಿಲ್ಲ.

ಎಲ್ಲ ಭಾಷೆಯೂ ಹೀಗೆಯೇ. ಶಿರಸಿಗೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಪುಸ್ತಕ ಹಿಡಿದು ಕನ್ನಡ ಕಲಿತು, ಸಂತೆಯಲ್ಲಿ ಒಂದು ವಾಕ್ಯವೂ ತಿಳಿಯದೆ ಕಂಗಾಲಾಗಿದ್ದರು. ಪುಸ್ತಕದ ನಾಲ್ಕಕ್ಷರದ ‘ಹೋಗುತ್ತೀರಿ’ ನಮ್ಮ ಬಾಯಲ್ಲಿ ಮೂರಕ್ಕೆ ಇಳಿದಿರುತ್ತದೆ ಎಂಬುದು ನಮಗೇ ಗಮನಕ್ಕೆ ಬಂದಿರುವುದಿಲ್ಲ.

ಹಾಗೆಂದು ಸಬ್‌ಟೈಟಲನ್ನು ನಾನು ಬೈಯುತ್ತಿಲ್ಲ. ಮಿಟ್ಟರರ್ ಮತ್ತು ಮೆಕ್ವೀನ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಇಂಗ್ಲಿಷ್ ಬಲ್ಲ ಡಚ್ಚರಿಗೆ ಸ್ಕಾಟ್ಲೆಂಡಿನ ಮತ್ತು ಆಸ್ಟ್ರೇಲಿಯದ ಉಚ್ಚಾರಣೆಯ ದೃಶ್ಯಗಳನ್ನು ತೋರಿಸಿ, ಆಮೇಲೆ ಅದೇ ಉಚ್ಚಾರಣೆಯ ಮಾತುಗಳನ್ನು ಬರಿಯ ಕಿವಿಯಿಂದ ಗುರುತಿಸಲು ಹೇಳಿದರು. ಇಂಗ್ಲಿಷ್ ಸಬ್‌ಟೈಟಲ್ ಕಂಡವರಿಗೆ ಅದರಿಂದ ಸಹಾಯವಾಯಿತು. ಡಚ್ ಸಬ್‌ಟೈಟಲ್ ಕಂಡವರು ಹೊಸ ಮಾತುಗಳನ್ನು ಗುರುತಿಸುವಲ್ಲಿ ಹಿಂದೆ ಬಿದ್ದರು. ಕೇಳುವ ಭಾಷೆಯದೇ ಅಕ್ಷರ ಕಿವಿಗೆ ಸುಳಿವು ಕೊಡುತ್ತದೆ, ಸ್ವಂತ ಭಾಷೆಯ ಅಕ್ಷರ ಕಿವಿಯನ್ನು ಬೇರೆಡೆಗೆ ಎಳೆಯುತ್ತದೆ. ಆದರೆ ಆ ಡಚ್ಚರು ಇಂಗ್ಲಿಷ್ ಕೇಳಿ ಪಳಗಿದವರು, ಹೊಸದು ಉಚ್ಚಾರಣೆ ಮಾತ್ರ. ನನ್ನ ವಿದ್ಯಾರ್ಥಿಗಳ ಸ್ಥಿತಿ ಬೇರೆ, ಅವರ ಕಿವಿ ಇನ್ನೂ ಕೆಲಸವನ್ನೇ ಆರಂಭಿಸಿಲ್ಲ. ಆದ್ದರಿಂದ ಅವರಿಗೆ ಇಂಗ್ಲಿಷ್ ಸಬ್‌ಟೈಟಲನ್ನು ಕೊಡುತ್ತೇನೆ, ಕೊನೆಯಲ್ಲಿ ಕೊಡುತ್ತೇನೆ.

ಕ್ರಮ ಹೀಗೆ. ಒಂದು ನಿಮಿಷದಷ್ಟು ಮಾತು ಸಾಕು, ಲಿಖಿತ ಪಾಠ ಸಿಗುವಂಥದ್ದಾಗಿರಬೇಕು. ಮೊದಲು ಅಕ್ಷರವಿಲ್ಲದೆ ಕೇಳಿ, ಯಾರು ಯಾರಿಗೆ ಏಕೆ ಹೇಳುತ್ತಿದ್ದಾರೆ ಎಂಬುದನ್ನಷ್ಟೇ ಹಿಡಿಯಿರಿ. ಮತ್ತೆ ಮತ್ತೆ ಕೇಳುತ್ತಾ ವಾಕ್ಯ ವಾಕ್ಯವಾಗಿ ಬರೆಯಿರಿ, ಸಿಗದ ಕಡೆ ಜಾಗ ಬಿಡಿ. ಆಮೇಲೆ ಪಾಠವನ್ನೋ ಇಂಗ್ಲಿಷ್ ಸಬ್‌ಟೈಟಲನ್ನೋ ತೆರೆಯಿರಿ. ಬಿಟ್ಟ ಜಾಗದಲ್ಲಿ ಯಾವ ಪದವಿತ್ತು, ಅದು ಕಿವಿಗೆ ಏನಾಗಿ ಬಿದ್ದಿತ್ತು ಎಂದು ಬದಿಯಲ್ಲಿ ಕನ್ನಡ ಅಕ್ಷರದಲ್ಲಿಯೇ ಬರೆದಿಡಿ. ಕೊನೆಗೆ ಪಾಠ ಮುಚ್ಚಿ ಇನ್ನೊಮ್ಮೆ ಕೇಳಿ. ಬದಿಯಲ್ಲಿ ಬರೆಯುವ ಆ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಕಲಿಕೆ ಇರುವುದು ಅಲ್ಲಿಯೇ. ಕಷ್ಟವೆನಿಸಿದರೆ ವೇಗ ತಗ್ಗಿಸಿದ ಪ್ರಸಾರಗಳಿವೆ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸುಮಾರು 1500 ಪದಗಳ ಮಿತಿಯಲ್ಲಿ ನಿಧಾನಗತಿಯ ಇಂಗ್ಲಿಷ್ ಪ್ರಸಾರ ಆರಂಭಿಸಿತು, ಜರ್ಮನ್ ಕಲಿಯುವವರಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ನಿಧಾನ ವಾರ್ತೆ ಇದೆ. ಅವುಗಳಲ್ಲಿಯೇ ನಿಂತುಬಿಡಬೇಡಿ. ನಿಧಾನವಾಗಿ ಹೇಳುವಾಗ ಪದಗಳು ಅಷ್ಟಾಗಿ ಕುಗ್ಗುವುದಿಲ್ಲ, ನಮಗೆ ಅಭ್ಯಾಸವಾಗಬೇಕಾದದ್ದು ಕುಗ್ಗಿದ ಪದಗಳೇ.

ಈ ಒಂದು ನಿಮಿಷದ ಅಭ್ಯಾಸದಿಂದ ಮನೆಯವರಿಗೆ ಗಾಬರಿಯಾಗುವುದುಂಟು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಇಲ್ಲಿನ ಮೀನು ಮಾರುಕಟ್ಟೆಯಲ್ಲಿ ಕುಳಿತು ಮಾರುವವರು. ‘ಅಕ್ಕೋರೇ, ಮಗಳು ಒಂದೇ ಮಾತನ್ನು ಎಷ್ಟು ಸಲ ಕೇಳುತ್ತಾಳೆ, ಮೊಬೈಲ್ ಕೆಟ್ಟಿದೆಯೇ?’ ಎಂದು ಕೇಳಿದರು. ಆಕೆಗೆ ಮನೆಯ ಕೊಂಕಣಿಯ ಜೊತೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಸೀಬರ್ಡ್ ನೌಕಾನೆಲೆಯ ಕುಟುಂಬಗಳು ಕೊಳ್ಳಲು ಬಂದಾಗ ಹಿಂದಿಯೂ ಬರುತ್ತದೆ. ಹಿಂದಿ ಹೇಗೆ ಕಲಿತಿರಿ ಎಂದು ವಿಚಾರಿಸಿದೆ. ‘ಬಂದವರು ಕೇಳುವುದೇನು ಅಕ್ಕೋರೇ, ಬಂಗಡೆ ಎಷ್ಟಕ್ಕೆ, ತಾಜಾ ಇದೆಯೇ, ಕಡಿಮೆ ಮಾಡುತ್ತೀರಾ. ಅಷ್ಟು ಗೊತ್ತಾದ ಮೇಲೆ ಬಾಕಿಯದು ತಾನಾಗಿ ಬಂತು’ ಎಂದರು. ಎದುರಿನವರು ಏನು ಹೇಳಬಹುದೆಂದು ಮೊದಲೇ ಅಂದಾಜಿದ್ದ ಕಿವಿ ಅದು. ಅದೇ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಬಾಯಲ್ಲಿ ದಿನವಿಡೀ ಕೇಳಿದ್ದಾರೆ, ಅಕ್ಷರದ ಆಸರೆಯಿಲ್ಲದೆ. ಮಗಳಿಗೆ ನಾನು ಹೇಳಿಕೊಡುತ್ತಿರುವುದೂ ಇದನ್ನೇ ಎಂದಾಗ ಅವರಿಗೆ ಆದ ಸಂತೋಷ ನನಗೂ ಆಯಿತು. ನರ್ಸ್ ಆಗುವವರು ನರ್ಸ್ ಮತ್ತು ರೋಗಿಯ ಮಾತು ಕೇಳಿ ಎಂದು ನಾನು ಹಠ ಹಿಡಿಯುವುದು ಈ ಕಾರಣಕ್ಕೆ. ಪತ್ತೇದಾರಿ ಸೀರಿಯಲ್ ಆಮೇಲೆ ನೋಡಬಹುದು.

ಇನ್ನು ನೋಡುವ ವಿಚಾರ. ಕಣ್ಣಿಗೆ ಅಕ್ಷರ ಬೇಡವೆಂದೆ, ಮುಖ ಬೇಕು. ಮಾತನ್ನು ನಾವು ತುಟಿಯಿಂದಲೂ ಕೇಳುತ್ತೇವೆ. ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲಿ ತೋರಿಸಿಕೊಟ್ಟ ಹಾಗೆ, ‘ಬ’ ಎಂಬ ಧ್ವನಿಗೆ ‘ಗ’ ಎನ್ನುವ ಬಾಯಿಯ ಚಿತ್ರ ಜೋಡಿಸಿದರೆ ಹೆಚ್ಚಿನವರಿಗೆ ‘ದ’ ಕೇಳಿಸುತ್ತದೆ. ಸಬ್‌ಟೈಟಲ್ ಓದುವವನ ಕಣ್ಣು ಪರದೆಯ ತಳದಲ್ಲಿರುತ್ತದೆ. ತುಟಿ, ಹುಬ್ಬು, ಕೈ ಸನ್ನೆ ಎಲ್ಲವೂ ತಪ್ಪಿಹೋಗುತ್ತವೆ. ಸಂದರ್ಶನದ ಒಂದು ತುಣುಕನ್ನು ಮೊದಲು ಧ್ವನಿಯಿಲ್ಲದೆ ನೋಡಿ, ಏನು ನಡೆಯುತ್ತಿದೆ ಎಂದು ಊಹಿಸಿ, ಆಮೇಲೆ ಧ್ವನಿ ಹಾಕಿ. ಆರಂಭದ ವಾರಗಳಲ್ಲಿ ಇದರಿಂದ ಧೈರ್ಯ ಬರುತ್ತದೆ.

ಹಡಗಿಗೆ ಹೋಗುವವರು ಮಾತ್ರ ಮುಖದ ಆಸರೆಯನ್ನೂ ಬೇಗ ಬಿಡಬೇಕು. ಹಡಗುಗಳು ಪರಸ್ಪರ ಮಾತನಾಡುವ ವಿಎಚ್‌ಎಫ್ ರೇಡಿಯೊದಲ್ಲಿ ಮುಖವಿಲ್ಲ, ಗದ್ದಲವಿದೆ, ಮಾತನಾಡುವವನ ಮಾತೃಭಾಷೆಯೂ ಇಂಗ್ಲಿಷ್ ಆಗಿರಬೇಕೆಂದಿಲ್ಲ. ಇದು ಗೊತ್ತಿದ್ದೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಪ್ರಮಾಣಿತ ವಾಕ್ಯಗಳನ್ನು ಅಂಗೀಕರಿಸಿತು. ಅದರಲ್ಲಿ 150 ಎಂಬುದನ್ನು ಒನ್, ಫೈವ್, ಜೀರೊ ಎಂದು ಬಿಡಿಬಿಡಿಯಾಗಿ ಹೇಳಬೇಕು. ಹೇಳಲಿರುವುದು ಎಚ್ಚರಿಕೆಯೋ ಸಲಹೆಯೋ ಪ್ರಶ್ನೆಯೋ ಎಂಬುದನ್ನು ಅಗತ್ಯವಿದ್ದಲ್ಲಿ ವಾಕ್ಯದ ಮೊದಲೇ ಸಾರಬಹುದು. ಆ ಮೊದಲ ಪದ ಹಿಡಿದರೆ ಮುಂದಿನದಕ್ಕೆ ಕಿವಿ ಸಿದ್ಧವಾಗುತ್ತದೆ. ನನ್ನ ಹುಡುಗರಿಗೆ ಫಿಫ್ಟೀನ್ ಮತ್ತು ಫಿಫ್ಟಿಗಳ ಭೇದವನ್ನು ಫ್ಯಾನಿನ ಸದ್ದಿನ ನಡುವೆ, ಬೆನ್ನು ತಿರುಗಿಸಿ ನಿಂತು ಕೇಳಿಸುತ್ತೇನೆ.

ಪರೀಕ್ಷೆಗೆ ಮೂರು ವಾರ ಇದೆ, ಏನಾದರೂ ಮಾಡಿ ಎಂದು ಬರುವವರಿಗೆ ನಾನು ಭರವಸೆ ಕೊಡುವುದಿಲ್ಲ. ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್‌ ಪರೀಕ್ಷೆಯ ಆಲಿಸುವ ಭಾಗದಲ್ಲಿ ಸುಮಾರು 30 ನಿಮಿಷ, 40 ಪ್ರಶ್ನೆ. ಆರೋಗ್ಯ ಸಿಬ್ಬಂದಿಗಾಗಿ ಇರುವ ಒಇಟಿಯಲ್ಲಿ 42. ಎರಡರಲ್ಲಿಯೂ ಧ್ವನಿಮುದ್ರಿಕೆ ಒಂದೇ ಸಲ. ಕಿವಿ ಎಷ್ಟು ದಿನದಲ್ಲಿ ತೆರೆದುಕೊಳ್ಳುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಇನ್ನೊಂದು ಎಚ್ಚರಿಕೆ: ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ ಮಾತನಾಡಿದಾಗಲೂ ‘ಆಂ?’ ಎಂದು ಮತ್ತೆ ಮತ್ತೆ ಕೇಳುವವರು ಮೊದಲು ಕಿವಿಯ ವೈದ್ಯರಿಗೆ ತೋರಿಸಿಕೊಳ್ಳಬೇಕು. ಅದು ತರಬೇತಿಯಿಂದ ಸರಿಹೋಗುವ ವಿಷಯವಲ್ಲದಿರಬಹುದು, ಅವರಿಂದ ಶುಲ್ಕ ಪಡೆಯಲು ನನಗೆ ಮನಸ್ಸು ಬರುವುದಿಲ್ಲ.

ಉಳಿದವರು ಇಂದು ರಾತ್ರಿ ಸಬ್‌ಟೈಟಲ್ ಬಂದ್ ಮಾಡಿ ಒಂದು ನಿಮಿಷ ಕೇಳಿ, ಬರೆಯಿರಿ. ತರಗತಿಗೆ ಬರುವಾಗ ಆ ಹಾಳೆ ತನ್ನಿ, ಬಿಟ್ಟ ಜಾಗಗಳನ್ನು ತುಂಬದೆ.